ಗಿರಣಿ ಚಿಗವ್ವ ಕಲಿಸಿದ ಉಸಿರು

ಅವಳ ಕಣ್ರೆಪ್ಪೆಯ ಮೇಲೆ ಸದಾ ಹಿಟ್ಟು ಕೂತಿರುತ್ತಿತ್ತು. ಬೆಳಿಗ್ಗೆ ಹೋದರೆ ಜೋಳದ ಬಿಳಿ, ಮಧ್ಯಾಹ್ನ ಹೋದರೆ ಕಡಲೆಯ ನಸು ಹಳದಿ, ಗುರುವಾರ ಖಾರ ಕುಟ್ಟುವ ದಿನ ಹೋದರೆ ಕೆಂಪು. ರೆಪ್ಪೆ, ಹುಬ್ಬು, ಹೆಗಲ ಮೇಲಿನ ಸೆರಗು ಎಲ್ಲಕ್ಕೂ ಅದೇ ಬಣ್ಣ. ಹಣೆಯ ಮೇಲೆ ವಿಭೂತಿ ಯಾವುದು, ಹಿಟ್ಟು ಯಾವುದು ಎಂದು ಗುರುತು ಹತ್ತುತ್ತಿರಲಿಲ್ಲ. ಮಾತಾಡುತ್ತ ಕಣ್ಣು ಪಿಳುಕಿಸಿದರೆ ಚಿಟಿಕೆ ಹಿಟ್ಟು ಕೆನ್ನೆಗೆ ಉದುರುತ್ತಿತ್ತು. ಅದನ್ನು ಒರೆಸಿಕೊಳ್ಳುವ ಗೋಜಿಗೆ ಅವಳು ಹೋದವಳಲ್ಲ. "ಒರಸ್ಕೊಂಡ್ರ ಮತ್ತ ಕೂಡತೈತಿ. ಸಂಜೀಕ ಒಮ್ಮೆ ಮಾರಿ ತೊಳಕೊಂಡ್ರ ಮುಗೀತು" ಎನ್ನುತ್ತಿದ್ದಳು.

ಸಂಶಿಯಲ್ಲಿ ನಮ್ಮ ಓಣಿಯ ತುದಿಗೆ ಅವಳ ಹಿಟ್ಟಿನ ಗಿರಣಿ. ಹಾಕಿದವನು ಗಂಡ. ಅವನು ತೀರಿದ ಮೇಲೆ ಇವಳೇ ಬೆಲ್ಟು ಏರಿಸಿದಳು, ಇವಳೇ ಮುಂದೆ ನಿಂತು ಸವೆದ ಕಲ್ಲಿಗೆ ಕಚ್ಚು ಹೊಡೆಸಿದಳು. ನನ್ನ ಅವ್ವನಿಗಿಂತ ಎರಡು ಮೂರು ವರ್ಷ ಚಿಕ್ಕವಳು. ನಮ್ಮ ಕಡೆ ಅವ್ವನ ತಂಗಿಗೆ ಚಿಗವ್ವ ಎನ್ನುತ್ತೇವೆ. ನಮಗೂ ಅವಳಿಗೂ ರಕ್ತಸಂಬಂಧ ಏನೂ ಇರಲಿಲ್ಲ, ಆದರೂ ಚಿಕ್ಕಂದಿನಲ್ಲಿ ನಾನು ಹಾಗೆ ಕರೆದೆ. ನನ್ನನ್ನು ಕೇಳಿ ಓಣಿಯ ಮಕ್ಕಳು, ಮಕ್ಕಳನ್ನು ಕೇಳಿ ಅವರ ತಾಯಂದಿರು, ಕೊನೆಗೆ ಅವಳಿಗಿಂತ ಹಿರಿಯರೂ ಅವಳನ್ನು ಗಿರಣಿ ಚಿಗವ್ವ ಎಂದೇ ಕರೆಯತೊಡಗಿದರು.

ಊರಿನ ಹೊಟ್ಟೆಯ ಸುದ್ದಿ ಅವಳಿಗೆ ಪೂರಾ ಗೊತ್ತಿತ್ತು. ಕಡಲೆಬೇಳೆಯ ಡಬ್ಬಿ ಎರಡು ಮೂರು ಒಟ್ಟಿಗೆ ಬಂದರೆ ಆ ಮನೆಯಲ್ಲಿ ಮದುವೆ ಮಾತು ಮುಗಿದಿದೆ ಎಂದು ಲೆಕ್ಕ. ಜೋಳ ನಿಂತು ಗೋದಿ ಶುರುವಾದರೆ ಆ ಮನೆಯವರಿಗೆ ರೊಟ್ಟಿ ಬಡಿಯಲು ಬೇಸರ ಬಂದಿದೆ. ಹಿಟ್ಟು ಬೀಳುತ್ತಿರುವಾಗ ಹೆಬ್ಬೆರಳು ತೋರುಬೆರಳಿನ ನಡುವೆ ಚಿಟಿಕೆ ಹಿಡಿದು ತಿಕ್ಕಿ ನೋಡುವುದು, ಬಿಸಿಯಾಗಿದೆ ಅನಿಸಿದರೆ ಮೇಲಿನಿಂದ ಕಾಳು ಬೀಳುವುದನ್ನು ಕಡಿಮೆ ಮಾಡುವುದು ಅವಳ ರೂಢಿ. ಯಾರಾದರೂ ಲಗೂ ಲಗೂ ಎಂದು ಅವಸರಪಡಿಸಿದರೆ, "ಒಮ್ಮೆಲೇ ಸುರುವಿದ್ರ ಹಿಟ್ಟು ಸುಡತೈತಿ. ಸುಟ್ಟ ಹಿಟ್ಟಿನ ರೊಟ್ಟಿ ತಟ್ಟೂ ಮೊದಲ ಹರೀತೈತಿ. ಗಡಬಡಿ ಇದ್ದಾವ್ರು ಬ್ಯಾರೆ ಗಿರಣಿಗೆ ಹೋಗ್ರಿ" ಎಂದುಬಿಡುತ್ತಿದ್ದಳು. ಗಡಬಡಿ ಎಂಬುದು ಅವಳ ಬಾಯಲ್ಲಿ ಬೈಗುಳವೇ ಆಗಿತ್ತು.

ನಾನು ಇಲ್ಲಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ, ಊರಿಗೆಲ್ಲ ಅಕ್ಕೋರು. ಉಸಿರಾಟದ ಪಾಠವನ್ನು ಹದಿನೆಂಟು ವರ್ಷ ಹೇಳಿಕೊಟ್ಟವಳು. ಬೋರ್ಡಿನ ಮೇಲೆ ಶ್ವಾಸಕೋಶದ ಚಿತ್ರವನ್ನು ಪುಸ್ತಕ ನೋಡದೆ ಬರೆಯುತ್ತೇನೆ. ಅಂಥ ನನಗೆ ನಲವತ್ತೈದು ದಾಟುವ ಹೊತ್ತಿಗೆ ಗಿರಣಿಯ ಮೂರು ಮೆಟ್ಟಿಲು ಹತ್ತಿದರೆ ಏದುಸಿರು. ದಪ್ಪಗಿದ್ದೆ, ಅದರಲ್ಲಿ ಮುಚ್ಚುಮರೆ ಏನಿಲ್ಲ. ನೆಂಟರು ಮರ್ಯಾದೆಗೆ 'ತುಂಬಿದ ಮೈ' ಎನ್ನುತ್ತಿದ್ದರು. ನನ್ನ ಗಂಡ ಮರ್ಯಾದೆಗೂ ಏನೂ ಅನ್ನುತ್ತಿರಲಿಲ್ಲ, ನನ್ನ ಸಿಟ್ಟಿನ ಪರಿಚಯ ಅವರಿಗೆ ಚೆನ್ನಾಗಿದೆ.

ಒಂದು ದಿನ ಮಕ್ಕಳ ಆರೋಗ್ಯ ತಪಾಸಣೆಗೆ ಶಾಲೆಗೆ ಬಂದ ಡಾಕ್ಟರು ನಮ್ಮ ರಕ್ತವನ್ನೂ ತೆಗೆದುಕೊಂಡು ಹೋದರು. ವಾರದ ಮೇಲೆ ನನ್ನನ್ನು ಬದಿಗೆ ಕರೆದು ಹೇಳಿದರು: "ಅಕ್ಕೋರ, ಸಕ್ಕರಿ ಗಡಿ ಮ್ಯಾಲ ಐತ್ರಿ. ದಾಟಿಲ್ಲ ಇನ್ನ. ತೂಕ ಇಳಸ್ರಿ, ದಿನಾ ನಡೀರಿ, ಊಟಾ ಹಿಡಿತದಾಗ ಇಡ್ರಿ. ಮೂರು ತಿಂಗಳು ಬಿಟ್ಟು ಮತ್ತ ತಪಾಸ ಮಾಡಸ್ರಿ. ಈಗ ಎಚ್ಚರಾದ್ರ ರೋಗ ಬರದಂಗ ತಡೀಬಹುದು." ಬೇರೆ ಯಾರಾದರೂ ಆಗಿದ್ದರೆ 'ದಾಟಿಲ್ಲ' ಎಂಬ ಮಾತು ಹಿಡಿದುಕೊಂಡು ಸಮಾಧಾನಪಡುತ್ತಿದ್ದರು. ನನ್ನ ಕಿವಿಗೆ ಬಿದ್ದದ್ದು 'ಗಡಿ' ಒಂದೇ.

ಅದಕ್ಕೆ ಕಾರಣ ನನ್ನ ಅವ್ವ. ಅವಳಿಗೆ ಸಕ್ಕರೆ ಕಾಯಿಲೆ ಇದೆ ಎಂದು ತಿಳಿದದ್ದೇ ಎಡಗಾಲಿನ ಬೆರಳು ಕಪ್ಪಾದ ಮೇಲೆ. ಹೊಲದಲ್ಲಿ ಹತ್ತಿ ಕಟ್ಟಿಗೆ ಚುಚ್ಚಿದ ಗಾಯ, ನೋವೇ ಆಗಲಿಲ್ಲ, ಹದಿನೈದು ದಿನ ಅರಿಸಿನ ಮೆತ್ತಿಕೊಂಡು ಅಡ್ಡಾಡಿದಳು. ಮೊದಲು ಬೆರಳು ಹೋಯಿತು. ಮರುವರ್ಷ ಪಾದ ಹೋಯಿತು. ಅದಾದ ಮೇಲೆ ಅವಳು ಹೆಚ್ಚು ದಿನ ಇರಲಿಲ್ಲ. ಆಸ್ಪತ್ರೆಯಲ್ಲಿ ಅವಳ ಕಾಲಿನ ಪಟ್ಟಿ ಬಿಚ್ಚಿ ಕಟ್ಟುವಾಗ ಹಿಡಿದು ನಿಂತವಳು ನಾನೇ. ಡಾಕ್ಟರು ಗಡಿ ಎಂದಾಗ ನನ್ನ ಕಣ್ಣಿಗೆ ಕಂಡದ್ದು ಆ ಪಟ್ಟಿ.

ಹೆದರಿದವರು ಊಟ ಕಡಿಮೆ ಮಾಡುತ್ತಾರೆ ಎಂದು ಎಲ್ಲರೂ ತಿಳಿಯುತ್ತಾರೆ. ನಾನು ಹೆದರಿ ಹೆಚ್ಚು ತಿಂದೆ. ಶಾಲೆಯಿಂದ ಬಂದವಳೇ ಚುರುಮುರಿ ಡಬ್ಬಿ ಮುಂದಿಟ್ಟುಕೊಂಡು ಕೂರುತ್ತಿದ್ದೆ. ರೊಟ್ಟಿ ಬಡಿಯುವ ತ್ರಾಣವಿಲ್ಲ ಎಂದು ಚಪಾತಿ, ಚಪಾತಿಯೂ ಬೇಡವಾದರೆ ಅನ್ನ. ಎರಡು ತಿಂಗಳು ಹೀಗೇ ಹೋಯಿತು.

ಹಾಗೇ ಒಂದು ಸಂಜೆ ಗೋದಿ ಡಬ್ಬಿ ಹಿಡಿದು ಗಿರಣಿಗೆ ಹೋದೆ. ತ್ರೀಫೇಸ್ ಕರೆಂಟ್ ಹೋಗಿತ್ತು. ಬಲ್ಬು ಉರಿಯುತ್ತದೆ, ಗಿರಣಿ ತಿರುಗುವುದಿಲ್ಲ. ನಮ್ಮಲ್ಲಿ ಅದು ದಿನದ ಮಾತು. ಗೋಡೆಗುಂಟ ಡಬ್ಬಿಗಳು ಪಾಳಿ ಹಚ್ಚಿ ನಿಂತಿದ್ದವು. ಐದಾರು ಹೆಂಗಸರು ಕಟ್ಟೆಯ ಮೇಲೆ ಕಾಯುತ್ತ ಕೂತಿದ್ದರು. ಚಿಗವ್ವ ನನ್ನ ಡಬ್ಬಿಯ ಮುಚ್ಚಳ ತೆಗೆದು ನೋಡಿದಳು.

"ಮತ್ತ ಗೋದಿ. ಜ್ವಾಳದ ಕೂಡ ಜಗಳಾ ಮಾಡೀಯೇನ ಮಗಳ?"

ನಾನು ಕಟ್ಟೆಗೆ ಕೈ ಊರಿ ನಿಂತೆ. ಏದುಸಿರು ಇನ್ನೂ ನಿಂತಿರಲಿಲ್ಲ. ಅವಳು ನನ್ನ ಎದೆ ಏರಿಳಿಯುವುದನ್ನೇ ನೋಡುತ್ತ ನಿಂತಳು.

"ನಾ ಉಸುರಿಗೆ ಒದ್ದಾಡೂದಕ್ಕ ಈ ಹಿಟ್ಟಿನ ಧೂಳು ಕಾರಣ. ನಿನಗೇನಾಗೈತಿ?"

ಅಷ್ಟು ಜನರ ಮುಂದೆ ಹೇಳಬಾರದು ಅಂದುಕೊಂಡೇ ಎಲ್ಲವನ್ನೂ ಹೇಳಿದೆ. ಹೇಳುತ್ತ ಅತ್ತೆ. ಅವಳು ಸಮಾಧಾನದ ಮಾತು ಒಂದನ್ನೂ ಆಡದೆ ಚೀಲ ತೂಗುವ ಕಾಟಾ ತೋರಿಸಿ, "ಇದರ ಮ್ಯಾಲ ನಿಂದ್ರು" ಅಂದಳು. ನಿಂತೆ. ಎಂಬತ್ತಾರು ಕಿಲೋ. ಕಟ್ಟೆಯ ಮೇಲಿನವರು ನಗು ತಡೆದುಕೊಂಡದ್ದು ನನಗೆ ಕೇಳಿಸಿತು.

"ಇದರಾಗ ನಿಂದೆಷ್ಟು, ಚಿಂತೀದೆಷ್ಟು?" ಅಂದಳು ಚಿಗವ್ವ. "ಚಿಂತೀದು ಮೊದಲ ಇಳಸೂಣು. ಬಾ, ಕುಂದ್ರು."

ಅವಳು ಆಗ ನನಗೆ ಕಲಿಸಿದ ಉಸಿರು ಅವಳಿಗೆ ಎಲ್ಲಿಂದ ಬಂತು ಎಂಬುದನ್ನು ಇಲ್ಲಿ ಹೇಳಬೇಕು. ಇಪ್ಪತ್ತೈದು ಮೂವತ್ತು ವರ್ಷ ಹಿಟ್ಟಿನ ಧೂಳು, ಗುರುವಾರಕ್ಕೊಮ್ಮೆ ಮೆಣಸಿನಕಾಯಿಯ ಘಾಟು ಕುಡಿದು ಅವಳ ಪುಪ್ಪುಸ ದಣಿದಿತ್ತು. ಮೂಗಿಗೆ ಸೆರಗು ಕಟ್ಟಿಕೊಳ್ಳುವ ಬುದ್ಧಿ ಬಂದದ್ದು ತಡವಾಗಿ. ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ವ್ಯಾಯಾಮ ಹೇಳಿಕೊಡುವ ಹುಡುಗಿಯೊಬ್ಬಳು ಅವಳಿಗೆ ಉಸಿರಾಡುವುದನ್ನು ಹೊಸದಾಗಿ ಕಲಿಸಿದ್ದಳು: ಮೂಗಿನಿಂದ ಮೆಲ್ಲಗೆ ಒಳಗೆ, ಹೊಟ್ಟೆ ಉಬ್ಬುವ ಹಾಗೆ, ತುಟಿ ಸಣ್ಣಗೆ ಮಾಡಿ ಅದರ ಎರಡರಷ್ಟು ಹೊತ್ತು ಹೊರಗೆ. ಚಿಗವ್ವ ಅದನ್ನು ತನ್ನ ಭಾಷೆಗೆ, ಬಸಿ ಅಂದರೆ ಚಹಾದ ಸಾಸರಿನ ಭಾಷೆಗೆ, ಇಳಿಸಿಕೊಂಡಿದ್ದಳು.

"ಬಸ್ಯಾಗ ಬಿಸಿ ಚಾ ಐತಿ ಅಂತ ತಿಳ್ಕೊ. ಅದನ್ನ ಊದಿ ಆರಸ್ಬೇಕು, ಆದ್ರ ಚಾ ತುಳಕಬಾರದು. ಅಷ್ಟ ಮೆತ್ತಗ."

ಗೋಡೆಗೆ ಬೆನ್ನು ಕೊಟ್ಟು, ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡು ಕೂತೆ. ಉಳಿದವರೂ ತಮಾಷೆಗೆ ಕೂತರು. ಒಬ್ಬಳು ಕಿಸಕ್ಕೆಂದಳು, ಅವಳನ್ನು ನೋಡಿ ಇನ್ನೊಬ್ಬಳು. ಸ್ವಲ್ಪ ಹೊತ್ತಿಗೆ ಎಲ್ಲರ ಸದ್ದೂ ಅಡಗಿತು. ಬಜಾರದ ಕಡೆಯಿಂದ ಬಸ್ಸಿನ ಹಾರ್ನು ಕೇಳಿಸುತ್ತಿತ್ತು. ಕರೆಂಟ್ ಬಂದು ಬೆಲ್ಟು ಟಪಟಪ ಎಂದಾಗ ನನಗೆ ಎದ್ದೇಳುವ ಮನಸ್ಸೇ ಇರಲಿಲ್ಲ.

ಆವತ್ತಿನಿಂದ ಅದು ಗಿರಣಿಯ ಪದ್ಧತಿಯಾಯಿತು. ಕರೆಂಟ್ ಹೋದರೆ ಮೊದಲೆಲ್ಲ ಹೆಂಗಸರು ಸೊಸೆಯಂದಿರನ್ನು, ಅತ್ತೆಯಂದಿರನ್ನು ಬೈದುಕೊಂಡು ಹೊತ್ತು ಕಳೆಯುತ್ತಿದ್ದರು. ಈಗ ಮೊದಲು ಉಸಿರು, ಆಮೇಲೆ ಬೈಗುಳ. ನಾನು ಮೇಷ್ಟ್ರ ಜಾತಿಯವಳು, ಯಾವುದನ್ನೂ ಸುಮ್ಮನೆ ಮಾಡಿ ಗೊತ್ತಿಲ್ಲ. ಮೊಬೈಲಿನಲ್ಲಿ ಯಾರದೋ ವಿಡಿಯೋ ನೋಡಿ ಹೊಟ್ಟೆಯನ್ನು ತಿದಿಯ ಹಾಗೆ ಒತ್ತಿ ಬುಸುಬುಸು ಉಸಿರು ಬಿಡಲು ಹೋದೆ, ತಲೆ ತಿರುಗಿ ಪಕ್ಕದವಳ ಹೆಗಲ ಮೇಲೆ ಬಿದ್ದೆ. ಚಿಗವ್ವ ನೀರು ಕೊಟ್ಟು, "ಇದು ಗರಡಿಮನಿ ಅಲ್ಲ ಅಕ್ಕೋರ, ಯಾರನ್ನ ಕೆಡವಬೇಕಾಗೈತಿ? ಎಳಕೋಬ್ಯಾಡ, ತಾನ ಬರತೈತಿ, ಬರಗೊಡು" ಅಂದಳು. ಅವಳು ನನ್ನನ್ನು ಅಕ್ಕೋರ ಎಂದು ಬಹುವಚನದಲ್ಲಿ ಕರೆದರೆ ಬೈಯುತ್ತಿದ್ದಾಳೆ ಎಂದೇ ಅರ್ಥ.

ಉಸಿರಿನಿಂದ ತೂಕ ಇಳಿಯುತ್ತದೆ ಎಂದು ಅವಳು ಯಾವತ್ತೂ ಹೇಳಲಿಲ್ಲ. ನನ್ನ ಊಟದ ವಿಚಾರ ಕೇಳಿದಳು. ಸ್ಟಾಫ್ ರೂಮಿನಲ್ಲಿ ಗಂಟೆ ಹೊಡೆಯುವುದರೊಳಗೆ ನಿಂತುಕೊಂಡೇ ಡಬ್ಬಿ ಖಾಲಿ ಮಾಡುತ್ತೇನೆ ಅಂದೆ. "ಅಂದ್ರ ಉಣ್ಣೂವಾಗ ನೀ ಉಸುರಾ ಆಡಸೂದಿಲ್ಲ. ಹೊಟ್ಟಿ ತುಂಬಿದ್ದು ನಿನಗ ಹೆಂಗ ಗೊತ್ತಾಗಬೇಕು?" ಮೊದಲ ತುತ್ತಿಗೆ ಮುಂಚೆ ಕೂತು ಐದು ಉಸಿರು, ನಡುವೆ ಒಮ್ಮೆ ಕೈ ನಿಲ್ಲಿಸಿ ಐದು ಉಸಿರು ಎಂದು ಗೊತ್ತುಮಾಡಿದಳು. ನಾಚಿಕೆಯಾದರೂ ಮಾಡಿದೆ. ಮೂರನೆಯ ಚಪಾತಿ ನನಗೆ ಬೇಕಾಗಿಯೇ ಇರಲಿಲ್ಲ ಎಂದು ತಿಳಿಯಲು ವಾರ ಹಿಡಿಯಿತು. ಸಂಜೆ ಚುರುಮುರಿ ಡಬ್ಬಿಗೆ ಕೈ ಹೋದಾಗಲೂ ಐದು ಉಸಿರು. ಕೆಲವೊಮ್ಮೆ ಐದಾದ ಮೇಲೂ ತಿನ್ನುತ್ತಿದ್ದೆ. ಕೆಲವೊಮ್ಮೆ ಅದು ಹಸಿವಲ್ಲ, ಅವ್ವನ ನೆನಪು ಎಂದು ಗೊತ್ತಾಗಿ ಡಬ್ಬಿ ಮುಚ್ಚುತ್ತಿದ್ದೆ.

ಶ್ರಾವಣದಲ್ಲಿ ನಾನೊಂದು ಶಾಣ್ಯಾತನ ಮಾಡಿದೆ. ತೂಕ ಲಗೂನೆ ಇಳಿಯಲಿ ಎಂದು ಸೋಮವಾರ ಒಪ್ಪತ್ತು ಹಿಡಿದೆ. ಹಗಲೆಲ್ಲ ನೀರು, ಪೂಜೆ ಮುಗಿದ ಮೇಲೆ ಸಾಬೂದಾಣಿ ಖಿಚಡಿ, ಸಜ್ಜಕ, ನಾಲ್ಕು ಬಾಳೆಹಣ್ಣು. ತಿಂಗಳು ಮುಗಿದಾಗ ಕಾಟಾದ ಮೇಲೆ ಎರಡು ಕಿಲೋ ಏರಿದ್ದೆ. ಚಿಗವ್ವ ಎಲ್ಲ ಕೇಳಿಸಿಕೊಂಡು, "ಇದಕ್ಕ ಉಪಾಸ ಅನ್ನೂದಿಲ್ಲ. ಮೂರು ಹೊತ್ತಿನ ಊಟಾ ಗಂಟು ಕಟ್ಟಿ ಇಟ್ಟು ಒಮ್ಮೆಲೇ ಬಿಚ್ಚಿದಿ" ಅಂದಳು. ಅಂದೇ ಜೋಳ ಬೀಸಿಸಿಕೊಂಡು ಬಂದೆ. ಜೋಳವನ್ನೂ ಅವಳು ದೇವರ ಪ್ರಸಾದ ಮಾಡಲಿಲ್ಲ. ಆರು ರೊಟ್ಟಿ ತಿಂದರೆ ಆರೂ ಮೈಗೆ ಹತ್ತುತ್ತವೆ, ಎರಡು ತಿನ್ನು, ಪಲ್ಯ ಹೆಚ್ಚಿಗೆ ಹಾಕಿಕೊ ಎಂದಳು.

ನಡಿಗೆಯ ವಿಷಯದಲ್ಲಿ ಅವಳು ಮಾಡಿದ ಕಾಯ್ದೆ ಇಡೀ ಓಣಿಯಲ್ಲಿ ಗದ್ದಲ ಎಬ್ಬಿಸಿತು. ಗಂಡನ ಬೈಕಿನ ಮೇಲೆ ಬಂದ ಡಬ್ಬಿಗೆ ಕೊನೆಯ ಪಾಳಿ, ನಡೆದು ಬಂದ ಡಬ್ಬಿಗೆ ಮೊದಲ ಪಾಳಿ. ಗಂಡಸರು ಸಿಟ್ಟಾದರು. ಒಬ್ಬ, "ನಮ್ಮ ಪೆಟ್ರೋಲು, ನಿನಗೇನ ಬೇ ತ್ರಾಸ?" ಅಂದ. "ಪೆಟ್ರೋಲ್ ನಿಂದು, ಪಾಳಿ ನಂದು" ಅಂದಳು ಚಿಗವ್ವ. ಎರಡು ವಾರದಲ್ಲಿ ಸಂಜೆಯ ಹೊತ್ತು ಓಣಿ ತುಂಬ ಡಬ್ಬಿ ಸೊಂಟಕ್ಕಿಟ್ಟುಕೊಂಡು ಹೋಗುವ ಹೆಂಗಸರು. ನಾನಂತೂ ಬೇಕೆಂದೇ ಕೆರೆ ಕಡೆಯ ಸುತ್ತುದಾರಿ ಹಿಡಿಯತೊಡಗಿದೆ. ಎಂಟು ತಿಂಗಳಲ್ಲಿ ಹತ್ತು ಕಿಲೋ ಇಳಿದೆ. ರವಿಕೆಗಳನ್ನು ಒಳಗೆ ಹಿಡಿಸಿ ಹೊಲಿಸಿಕೊಂಡೆ. ಗಿರಣಿಯ ಮೆಟ್ಟಿಲು ಮಾತಾಡುತ್ತ ಹತ್ತುತ್ತಿದ್ದೆ.

ಇಷ್ಟಾದರೂ ಒಂದು ಕೆಲಸ ಮಾಡಿರಲಿಲ್ಲ. ಮೂರು ತಿಂಗಳು ಬಿಟ್ಟು ರಕ್ತ ತೋರಿಸಿ ಎಂದು ಡಾಕ್ಟರು ಅಂದಿದ್ದರಲ್ಲ, ಅದನ್ನು ತೋರಿಸಿರಲಿಲ್ಲ. ಪರೀಕ್ಷೆ, ಪೇಪರ್ ತಿದ್ದುವುದು, ನೆಂಟರ ಮದುವೆ, ಪ್ರತಿ ತಿಂಗಳಿಗೂ ಒಂದು ನೆವ. ಇಷ್ಟು ಮಾಡಿಯೂ ಗಡಿ ದಾಟಿದ್ದೇನೆ ಎಂದು ಅವರು ಹೇಳಿಬಿಟ್ಟರೆ ಏನು ಮಾಡಲಿ ಎಂಬ ಭಯ ಒಳಗೆ ಕೂತಿತ್ತು. ಕಾಗದ ನೋಡದಿದ್ದರೆ ಕಾಯಿಲೆಯೂ ಇಲ್ಲ ಎಂಬ ಹಾಗೆ ಬದುಕುತ್ತಿದ್ದೆ. ಅವ್ವನೂ ತಪಾಸಣೆಯೇ ಇಲ್ಲದೆ ಬದುಕಿದ್ದಳು, ಅದರ ಫಲ ಗೊತ್ತಿದ್ದೂ ನಾನು ಹಾಗೇ ಮಾಡಿದೆ.

ಆಗ ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವ ಅಡುಗೆಯಾಕೆ ಒಲೆಯ ಮುಂದೆಯೇ ಕುಸಿದು ಬಿದ್ದಳು. ಅವಳಿಗೆ ಐದಾರು ವರ್ಷದಿಂದ ಸಕ್ಕರೆ ಕಾಯಿಲೆ ಇತ್ತು, ದಿನಾ ಗುಳಿಗೆ ತೆಗೆದುಕೊಳ್ಳುತ್ತಿದ್ದಳು. ಗಿರಣಿಯ ಪಾಳಿಯಲ್ಲಿ ನಮ್ಮ ಜೊತೆ ಉಸಿರಿಗೂ ಕೂರುತ್ತಿದ್ದಳು. ಜೀಪಿನಲ್ಲಿ ಹಾಕಿಕೊಂಡು ಕುಂದಗೋಳದ ಆಸ್ಪತ್ರೆಗೆ ಒಯ್ದೆವು. ಸಕ್ಕರೆ ಮಿತಿಮೀರಿ ಏರಿದೆ ಅಂದರು. ಎರಡು ದಿನ ಬಿಟ್ಟು ಕಣ್ಣು ತೆರೆದು ಮಾತಾಡಿದಾಗ ಗುಳಿಗೆ ಬಿಟ್ಟು ತಿಂಗಳಾಗಿದೆ ಎಂದು ಒಪ್ಪಿಕೊಂಡಳು. "ಚಿಗವ್ವನ ಉಸುರು ಇದ್ದಾಗ ಗುಳಗಿ ಯಾಕಂತ ಬಿಟ್ಟೆನ್ರಿ ಅಕ್ಕೋರ. ಮೈ ಹಗುರ ಆಗಿತ್ತು" ಅಂದಳು.

ಆ ಮಾತನ್ನು ಚಿಗವ್ವನಿಗೆ ಮುಟ್ಟಿಸಿದವಳು ನಾನೇ. ಮುಚ್ಚಿಡಬಹುದಿತ್ತು, ಮುಚ್ಚಿಡಲಿಲ್ಲ. ಅವಳು ಸ್ವಿಚ್ಚು ಆರಿಸಿದಳು. ಕರೆಂಟ್ ಇದ್ದಾಗ, ಡಬ್ಬಿ ಪಾಳಿಯಲ್ಲಿದ್ದಾಗ ಅವಳು ಗಿರಣಿ ನಿಲ್ಲಿಸಿದ್ದನ್ನು ಅದೇ ಮೊದಲು ನೋಡಿದೆ.

"ಗುಳಗಿ ಬಿಡು ಅಂತ ನೀ ಹೇಳಿಲ್ಲಲ್ಲ ಚಿಗವ್ವಾ" ಅಂದೆ.

"ಬಿಡಬ್ಯಾಡ ಅಂತಾನೂ ಹೇಳಿರಲಿಲ್ಲ. ಹೇಳಬೇಕಿತ್ತು" ಅಂದಳು.

ಮರುದಿನ ಗಿರಣಿಗೆ ಬೀಗ ಹಾಕಿ ಬಸ್ಸು ಹತ್ತಿ ಕುಂದಗೋಳಕ್ಕೆ ಹೋದಳು. ಅಡುಗೆಯಾಕೆಯ ಮಂಚದ ಬಾಜು ಸಂಜೆಯತನಕ ಕೂತು, ಅವಳ ಗುಳಿಗೆಗಳನ್ನು ಯಾವುದು ಬೆಳಗ್ಗೆ, ಯಾವುದು ರಾತ್ರಿ ಎಂದು ನರ್ಸಿನ ಕಡೆ ಕೇಳಿ ತಿಳಿದುಕೊಂಡು ಬಂದಳು. ಬಂದವಳು ಹೊಸ ಕಾಯ್ದೆ ಹೇಳಿದಳು. ಗುಳಿಗೆ ನುಂಗುವವರು ಗುಳಿಗೆಯ ಪಟ್ಟಿಯನ್ನು ಡಬ್ಬಿಯ ಮುಚ್ಚಳದ ಮೇಲೆ ಇಡಬೇಕು, ಎಷ್ಟು ಖರ್ಚಾಗಿವೆ ಎಂದು ಅವಳು ನೋಡುತ್ತಾಳೆ. ಗುಳಿಗೆ ಇಲ್ಲದವರು ಹೊಸದಾಗಿ ಮಾಡಿಸಿದ ರಕ್ತದ ಕಾಗದ ಇಡಬೇಕು. ಎರಡೂ ಇಲ್ಲದ ಡಬ್ಬಿಯನ್ನು ಅವಳು ಬೀಸುವುದಿಲ್ಲ.

ಮುಂದಿನ ಸಂಜೆ ಮುಚ್ಚಳಗಳ ಮೇಲೆ ಬೆಳ್ಳಗೆ ಹೊಳೆಯುವ ಪಟ್ಟಿಗಳು ಸಾಲಾಗಿ ಬಂದವು. ಬಿಪಿ ಗುಳಿಗೆ, ಸಕ್ಕರೆ ಗುಳಿಗೆ, ಇವೆರಡೂ ಇಲ್ಲದವರೊಬ್ಬರದು ನೆಗಡಿ ಗುಳಿಗೆ. ನನ್ನ ಡಬ್ಬಿಯ ಮೇಲೆ ಏನೂ ಇರಲಿಲ್ಲ.

"ನಿನ್ನ ಕಾಗದ ಎಲ್ಲಿ?"

"ಮನ್ಯಾಗೈತಿ."

"ತಂದ ಮ್ಯಾಲ ಬೀಸತೀನಿ" ಎಂದು ನನ್ನ ಡಬ್ಬಿಯನ್ನು ಎತ್ತಿ ಮೆಟ್ಟಿಲ ಮೇಲಿಟ್ಟಳು.

ಎಲ್ಲರೆದುರಿಗೆ. ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟು ವರ್ಷ ಶಾಲೆಯಲ್ಲಿ ಬೇರೆಯವರ ಮಕ್ಕಳನ್ನು ಹೊರಗೆ ನಿಲ್ಲಿಸಿದವಳು ನಾನು, ನನ್ನನ್ನು ಯಾರೂ ನಿಲ್ಲಿಸಿರಲಿಲ್ಲ. ಡಬ್ಬಿ ಎತ್ತಿಕೊಂಡು ಬಸ್ ಸ್ಟ್ಯಾಂಡಿನ ಕಡೆಯ ಇನ್ನೊಂದು ಗಿರಣಿಗೆ ಹೋದೆ. ಮೂರು ವಾರ ಅಲ್ಲಿಗೇ ಹೋದೆ. ಎದುರು ಸಿಕ್ಕರೆ ಮುಖ ತಿರುಗಿಸುತ್ತಿದ್ದೆ. ಉಸಿರಿಗೆ ಕೂರುವುದನ್ನೂ ಬಿಟ್ಟೆ, ಚುರುಮುರಿ ಡಬ್ಬಿ ಮತ್ತೆ ಕೆಳಗಿಳಿಯಿತು.

ಒಂದು ರವಿವಾರ ಬೆಳಿಗ್ಗೆ ಬಾಗಿಲಲ್ಲಿ ಕೆಮ್ಮು ಕೇಳಿಸಿತು. ಚಿಗವ್ವ ನಮ್ಮ ಕಟ್ಟೆ ಹಿಡಿದು ನಿಂತಿದ್ದಳು. ಅವಳ ಗಿರಣಿಯಿಂದ ನಮ್ಮ ಮನೆಗೆ ಇನ್ನೂರು ಹೆಜ್ಜೆಯೂ ಇಲ್ಲ, ಅಷ್ಟಕ್ಕೇ ಮೂರು ಕಡೆ ಕೂತು ಬಂದಿದ್ದಳು. ಚಹಾ ಬೇಡ ಅಂದಳು. ಉಸಿರು ಹದಕ್ಕೆ ಬರುವವರೆಗೂ ತುಟಿ ಸಣ್ಣಗೆ ಮಾಡಿಕೊಂಡು ಕೂತಿದ್ದು ಆಮೇಲೆ ಕೇಳಿದಳು:

"ಕಾಗದ ಮನ್ಯಾಗಿಲ್ಲ. ಹೌದಲ್ಲೋ?"

ನಾನು ಹೌದೆಂದು ತಲೆ ಆಡಿಸಿದೆ. "ಹೆದರಿಕಿ ಆಗತೈತಿ ಚಿಗವ್ವಾ. ಅವ್ವನ ಕಾಲು ಕಣ್ಣಮುಂದ ಬರತೈತಿ. ಡಾಕ್ಟರು ಸಕ್ಕರಿ ಬಂದೈತಿ ಅಂತ ಅಂದ್ರ ನಾ ಅಲ್ಲೇ ಸತ್ತ ಹೋಗತೀನಿ."

ಚಿಗವ್ವ ಅಂದಳು: "ನಿಮ್ಮವ್ವನ ಕಾಲಿನ ಗಾಯ ನಾನೂ ನೋಡಿದ್ದೆ. ಗಿರಣಿಗೆ ಬಂದಾಗ ತೋರಿಸಿದ್ಲು. ಅರಿಸಿನ ಹಚ್ಚು, ಮಾಯತೈತಿ ಅಂತ ಹೇಳಿದಾಕಿ ನಾನ."

ನನಗೆ ಅದು ಗೊತ್ತಿರಲಿಲ್ಲ. ಇಪ್ಪತ್ತು ವರ್ಷ ಅವಳು ಅದನ್ನು ಯಾರಿಗೂ ಹೇಳಿರಲಿಲ್ಲ.

"ಆವಾಗ ತಿಳೀಲಿಲ್ಲ, ಹೇಳಲಿಲ್ಲ. ಈಗ ತಿಳದೈತಿ. ನಿನ್ನ ಡಬ್ಬಿ ಹೊರಗಿಟ್ಟಿದ್ದು ಅದಕ್ಕ" ಅಂದಳು. "ಕಾಗದ ನೋಡಿದ್ರ ಜಡ್ಡು ಬರೂದಿಲ್ಲ ಮಗಳ. ಬಂದಿದ್ರ ಆಗಲೇ ಬಂದಿರತೈತಿ, ಗೊತ್ತಾದ್ರ ಔಷಧ ಐತಿ. ನಾಳೆ ನನಗೂ ಹುಬ್ಬಳ್ಳಿಗೆ ಹೋಗೂದೈತಿ, ಎದಿ ತೋರಸಾಕ. ಹೋಗೂಣು, ಇಬ್ಬರೂ ಕೂಡಿ ಹೋಗೂಣು."

ಸೋಮವಾರ ಖಾಲಿ ಹೊಟ್ಟೆಯಲ್ಲಿ ಮೊದಲ ಬಸ್ಸು ಹತ್ತಿದೆವು. ಚಿಗವ್ವ ಮುಖ ತೊಳೆದುಕೊಂಡು, ಇಳಕಲ್ ಸೀರೆ ಉಟ್ಟು ಬಂದಿದ್ದಳು. ಹಿಟ್ಟಿಲ್ಲದ ಅವಳ ಮುಖ ನನಗೆ ಗುರುತೇ ಸಿಗಲಿಲ್ಲ. ರೆಪ್ಪೆಗಳು ಎಷ್ಟು ಕಪ್ಪಗಿವೆ ಎಂದು ಆವತ್ತೇ ನೋಡಿದ್ದು. ರಕ್ತ ಕೊಟ್ಟು ಬಂದ ಮೇಲೆ ಆಸ್ಪತ್ರೆಯ ಬೇವಿನ ಗಿಡದ ಕೆಳಗೆ ಅವಳು ಗಂಟು ಬಿಚ್ಚಿದಳು. ಎರಡೆರಡು ರೊಟ್ಟಿ, ಶೇಂಗಾ ಚಟ್ನಿ, ಎಳೆ ಸೌತೆಕಾಯಿ. "ಮೊದಲ ಐದು" ಅಂದಳು. ಐದು 'ಬಸಿ ಚಹಾ' ಆರಿಸಿ ರೊಟ್ಟಿ ಮುರಿದೆ. ಆಮೇಲೆ ಅವಳು ಎದೆ ಪರೀಕ್ಷೆಗೆಂದು ಬೇರೆ ಕಟ್ಟಡಕ್ಕೆ ಹೋದಳು. ಜೊತೆಗೆ ಬರುತ್ತೇನೆ ಅಂದರೆ, "ನೀ ನಿನ್ನ ಪಾಳಿ ಬಿಡಬ್ಯಾಡ" ಎಂದು ಅಲ್ಲೇ ಕೂರಿಸಿದಳು.

ನನ್ನ ಹೆಸರು ಕೂಗುವ ಹೊತ್ತಿಗೆ ತಿರುಗಿ ಬಂದಿದ್ದಳು. ಇಬ್ಬರೂ ಒಳಗೆ ಹೋದೆವು. ಡಾಕ್ಟರಮ್ಮ ಹಳೆಯ ಕಾಗದ, ಹೊಸ ಕಾಗದ ಎರಡನ್ನೂ ಬಾಜುಬಾಜು ಇಟ್ಟು ನೋಡಿದರು.

"ಚಲೋ ಆಗೇತ್ರಿ ಅಕ್ಕೋರ. ಗಡಿಯಿಂದ ಹಿಂದ ಸರದೀರಿ. ಏನು ಮಾಡಿದ್ರಿ?"

ನಾನು ಚಿಗವ್ವನ ಕಡೆ ನೋಡಿದೆ. ಚಿಗವ್ವನೇ ಎಲ್ಲ ಹೇಳಿದಳು: ಪಾಳಿ, ಬೈಕು, ಎರಡು ರೊಟ್ಟಿ, ಉಸಿರು. ಡಾಕ್ಟರಮ್ಮ ನಕ್ಕು, "ಸಕ್ಕರಿ ಇಳದದ್ದು ತೂಕ ಇಳದದ್ದಕ್ಕ, ನಡದದ್ದಕ್ಕ. ಬರೇ ಉಸುರಿನಿಂದ ಅಲ್ರಿ" ಅಂದರು.

"ಹೌದ್ರಿ" ಅಂದಳು ಚಿಗವ್ವ. "ಉಸುರು ಆಕೀನ ಒಂದ ಕಡೆ ಕುಂದ್ರಿಸ್ತು, ಅಷ್ಟ. ಉಳದದ್ದು ಆಕೀನ ಮಾಡ್ಯಾಳ."

ಆರು ತಿಂಗಳಿಗೊಮ್ಮೆ ಬಂದು ತೋರಿಸಲೇಬೇಕು, ಮೈಮರೆತರೆ ಮತ್ತೆ ಗಡಿಗೆ ಬರುತ್ತೀರಿ ಎಂದು ಹೇಳಿ ಅವರು ನಮ್ಮನ್ನು ಕಳಿಸಿದರು. ಹೊರಗೆ ಬಂದವಳೇ ನಾನು ಚಿಗವ್ವನನ್ನು ಅಪ್ಪಿಕೊಂಡು ಅತ್ತೆ, ಅಳುತ್ತಲೇ ನಕ್ಕೆ. ವಾಪಸ್ ಬಸ್ಸಿನಲ್ಲಿ ಅವಳು ಕಂಡಕ್ಟರನಿಂದ ಹಿಡಿದು ಹಿಂದಿನ ಸೀಟಿನ ಮೆಣಸಿನಕಾಯಿ ವ್ಯಾಪಾರಿಯವರೆಗೆ ಎಲ್ಲರಿಗೂ ನನ್ನ ಸುದ್ದಿ ಹೇಳಿದಳು. ಸಂಶಿ ಹತ್ತಿರ ಬಂದಾಗ ನೆನಪಾಗಿ ಕೇಳಿದೆ, "ನಿಂದೇನಂದ್ರು ಚಿಗವ್ವಾ?"

"ನಂದೇನೈತಿ, ಹಳೇ ಗಿರಣಿ. ಎಣ್ಣಿ ಹಾಕಿ ಕಳಿಸ್ಯಾರ" ಅಂದಳು. ನಾನೂ ನಕ್ಕೆ.

ಅದಾದ ಮೇಲೆ ಅವಳು ಖಾರ ಕುಟ್ಟುವುದನ್ನು ನಿಲ್ಲಿಸಿದಳು. ಸ್ವಲ್ಪ ದಿನಕ್ಕೆ ಗಿರಣಿಯನ್ನೂ ಸೊಸೆಯ ಕೈಗೆ ಕೊಟ್ಟು ತಾನು ಹೊರಗೆ ಕಟ್ಟೆಯ ಮೇಲೆ ಕೂರತೊಡಗಿದಳು. ವಯಸ್ಸಾಯಿತು, ಇನ್ನೇನು ಅಂದುಕೊಂಡೆ. ಕರೆಂಟ್ ಹೋದಾಗ ನಮ್ಮನ್ನು ಕೂರಿಸುವುದನ್ನು ಮಾತ್ರ ಬಿಡಲಿಲ್ಲ. ಅಡುಗೆಯಾಕೆ ಗುಣವಾಗಿ ಬಂದು ಗುಳಿಗೆಯ ಪಟ್ಟಿ ತೋರಿಸಿ ಮೊದಲ ಪಾಳಿಯಲ್ಲೇ ಕೂರುತ್ತಿದ್ದಳು. ಆ ಚಳಿಗಾಲ, ಸಂಕ್ರಾಂತಿಯ ಮುಂದೆ, ಒಂದು ಮುಂಜಾನೆ ಚಿಗವ್ವನ ಉಸಿರು ನಿಂತಿತು. ನಿದ್ದೆಯಲ್ಲೇ ಹೋದಳು, ಹೆಚ್ಚು ಒದ್ದಾಡಲಿಲ್ಲ ಎಂದು ಸೊಸೆ ಹೇಳಿದಳು. ನಾವೆಲ್ಲ ಮಣ್ಣು ಕೊಟ್ಟು ಬಂದೆವು.

ತಿಂಗಳು ಕಳೆದ ಮೇಲೆ ಜೋಳ ಬೀಸಿಸಲು ಹೋದಾಗ ಸೊಸೆ ನನ್ನನ್ನು ಒಳಗೆ ಕರೆದು ಒಂದು ಕವರು ತೋರಿಸಿದಳು. ಹುಬ್ಬಳ್ಳಿಯ ಆಸ್ಪತ್ರೆಯದು, ಎದೆಯ ಫೋಟೋ, ಜೊತೆಗೆ ಕಾಗದ. ತಾರೀಖು ನೋಡಿದೆ. ನಾವಿಬ್ಬರೂ ಹೋಗಿದ್ದ ಸೋಮವಾರ. ವಿಜ್ಞಾನ ಕಲಿಸುವವಳು ನಾನು, ಅದರಲ್ಲಿ ಬರೆದದ್ದು ಅರ್ಥವಾಯಿತು. ಪುಪ್ಪುಸದಲ್ಲಿ ಉಳಿದದ್ದು ಬಹಳ ಕಡಿಮೆ, ಗಿರಣಿಯ ಕೆಲಸ ತಕ್ಷಣ ಬಿಡಬೇಕು ಎಂದಿತ್ತು.

"ನನಗ ಯಾಕ ಹೇಳಲಿಲ್ಲ?" ಅಂದೆ. ನನಗೆ ಮೊದಲು ಬಂದದ್ದು ಸಿಟ್ಟೇ.

"ನಿಮಗ ಹೇಳ್ತೀನಿ ಅಂತ ನಾ ಅವತ್ತ ಹೊಂಟಿದ್ದೆನ್ರಿ ಅಕ್ಕೋರ" ಅಂದಳು ಸೊಸೆ. "ಅತ್ತಿ ಕೈ ಹಿಡದು ಕುಂದ್ರಿಸಿದ್ರು. 'ಆಕಿ ಒಂದ ವರ್ಷ ಬಿಗಿಹಿಡದಿದ್ದ ಉಸುರು ಇವತ್ತ ಬಿಟ್ಟಾಳ, ನನ್ನ ಸುದ್ದಿ ಹೇಳಿ ಮತ್ತ ಹಿಡಿಯೂ ಹಂಗ ಮಾಡಬ್ಯಾಡ' ಅಂದ್ರು."

ನನ್ನ ಬಾಳಿನಲ್ಲಿ ನಾನು ತೀರಿಸಲಾಗದ ಋಣ ಇದೊಂದೇ. ತನ್ನ ಬದುಕು ಮುಗಿಯುತ್ತ ಬಂದಿದೆ ಎಂದು ಕೇಳಿಕೊಂಡು ಬಂದು, ನನ್ನ ಪಕ್ಕದ ಕುರ್ಚಿಯಲ್ಲಿ ಕೂತು, ನನ್ನ ಬದುಕು ಉಳಿದದ್ದಕ್ಕೆ ಬಸ್ಸಿನ ತುಂಬ ಸಂಭ್ರಮಪಟ್ಟವಳು ಅವಳು. ನಾಳೆ ನನ್ನ ಆರು ತಿಂಗಳ ತಪಾಸಣೆ. ಹೆದರಿಕೆ ಇಲ್ಲ ಅಂದರೆ ಸುಳ್ಳಾಗುತ್ತದೆ. ಆದರೂ ಮೊದಲ ಬಸ್ಸಿಗೇ ಹೋಗುತ್ತಿದ್ದೇನೆ. ಈ ಸಲ ಅವಳ ಸೊಸೆಯನ್ನೂ ಕರೆದುಕೊಂಡು ಹೋಗುತ್ತಿದ್ದೇನೆ, ಅವಳ ಎದೆ ತೋರಿಸಲು.